ನೆಲಮಾಳಿಗೆ ಕಾಣದ ನೊರೆ

1870ರ ದಶಕದಲ್ಲಿ ಇಂಗ್ಲಿಷಿನಲ್ಲಿ ಎರಡು ಪುಸ್ತಕಗಳು ಬಂದವು. ಒಂದು, ಬಿ. ಎಲ್. ರೈಸ್ ಅವರ ಮೈಸೂರು ಮತ್ತು ಕೊಡಗು ಗೆಜೆಟಿಯರ್. ಇನ್ನೊಂದು, ಲಂಡನ್ನಿನ ಪತ್ರಕರ್ತ ಹೆನ್ರಿ ವಿಜೆಟೆಲ್ಲಿ 1879ರಲ್ಲಿ ಪ್ರಕಟಿಸಿದ, ಫ್ರಾನ್ಸಿನ ಷಾಂಪೇನ್ ಸೀಮೆಯ ನೊರೆ ವೈನನ್ನು ಕುರಿತ ಪುಸ್ತಕ. ವಿಜೆಟೆಲ್ಲಿ ರೀಮ್ಸ್, ಎಪೆರ್ನೆ ಊರುಗಳ ಸುಣ್ಣಕಲ್ಲಿನ ಮಾಳಿಗೆಗಳಿಗೆ ಇಳಿದು ಯಾವ ಮಾಳಿಗೆ ಯಾವ ಮನೆತನದ್ದು, ಸೀಸೆಗಳನ್ನು ಹೇಗೆ ಜೋಡಿಸುತ್ತಾರೆ, ಕೆಲಸಗಾರರು ಏನು ಮಾಡುತ್ತಾರೆ ಎಂದು ಇಂಗ್ಲಿಷ್ ಓದುಗರಿಗೆ ವಿವರವಾಗಿ ಹೇಳಿದ. ರೈಸ್ ಬೆಂಗಳೂರಿನಲ್ಲೇ ಹುಟ್ಟಿದವರು, ಕನ್ನಡ ಬಲ್ಲವರು, ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ಮುಂದೆ 1901ರಲ್ಲಿ ಒಂದು ಸಂಪುಟವಾಗಿ ಅಚ್ಚು ಮಾಡಿಸಿದವರು. ಈ ನೆಲದ ಬಗ್ಗೆ ಅವರಿಗಿದ್ದ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೂ ಅವರ ಗೆಜೆಟಿಯರಿನಲ್ಲಿ ನಮ್ಮ ಕಡೆಯ ನೊರೆಪಾನೀಯವಾದ ಈಚಲ ಹೆಂಡಕ್ಕೆ ಸಿಕ್ಕಿದ್ದು ಮುಖ್ಯವಾಗಿ ಎರಡು ಖಾನೆ: ಜಾತಿಗಳ ವಿವರಣೆಯಲ್ಲಿ ಹೆಂಡ ಇಳಿಸುವ ಈಡಿಗರು, ವರಮಾನದ ಲೆಕ್ಕದಲ್ಲಿ ಅಬಕಾರಿ. ಒಂದೇ ಭಾಷೆಯ, ಒಂದೇ ದಶಕದ ಎರಡು ಪುಸ್ತಕಗಳು ಎರಡು ಪಾನೀಯಗಳನ್ನು ಇಷ್ಟು ಬೇರೆಯಾಗಿ ಏಕೆ ಕಂಡವು? ಷಾಂಪೇನ್ ಶ್ರೇಷ್ಠ, ಹೆಂಡ ಕನಿಷ್ಠ ಎಂಬ ಉತ್ತರ ಸುಲಭದ್ದು, ಅದು ನಿಲ್ಲುವುದಿಲ್ಲ. ಪಾನೀಯವೊಂದಕ್ಕೆ ಚರಿತ್ರೆ, ಹೆಸರು, ನೋಡಲು ಬರುವ ಪ್ರವಾಸಿ ಇವೆಲ್ಲ ದಕ್ಕುವುದು ಅದನ್ನು ಮಾಡುವವನಿಗೆ ಅದರ ಮೇಲೆ ಕಾನೂನು ಎಷ್ಟು ಹಕ್ಕು ಕೊಟ್ಟಿತು ಎಂಬುದರ ಮೇಲೆ. ಕಡೂರು, ತರೀಕೆರೆ, ಅಜ್ಜಂಪುರದ ಈಚಲಿಗೆ ಆ ಹಕ್ಕು ಯಾವತ್ತೂ ಬರಲಿಲ್ಲ.

ಮೊದಲು ಮರದ ವಿಷಯ. ಬಾಬಾಬುಡನ್ ಗಿರಿಯ ಪೂರ್ವಕ್ಕೆ, ಮಳೆ ಕಡಿಮೆಯಾಗುವ ಮಗ್ಗುಲಲ್ಲಿ ಈ ಮೂರು ಊರುಗಳಿವೆ. ತರೀಕೆರೆಯ ಒಂದು ಕಾಲು ಮಲೆನಾಡಿನಲ್ಲಿದೆ. ಕಡೂರು ವೇದಾವತಿಯ ಬಯಲು. ಅಜ್ಜಂಪುರ ಎರೆಭೂಮಿ, ಈರುಳ್ಳಿಗೆ ಹೆಸರಾದದ್ದು. ಕೆರೆಯ ಹಿಂದೆ ತೆಂಗು ಅಡಿಕೆಗಳಿಗೆ ಜಾಗ. ಹಳ್ಳದ ದಂಡೆ, ಗೋಮಾಳದ ತಗ್ಗು, ಉಳುಮೆಗೆ ಬಾರದ ಜೌಗು ಇಂಥ ಕಡೆಯೆಲ್ಲ ಈಚಲು. ಯಾರೂ ನೆಡಬೇಕಾಗಿಲ್ಲ, ನೀರು ಹಾಯಿಸಬೇಕಾಗಿಲ್ಲ. ಗರಿಯಿಂದ ಚಾಪೆ, ಪೊರಕೆ, ಬುಟ್ಟಿ. ಹಣ್ಣು ದನ ಕಾಯುವ ಹುಡುಗರಿಗೆ. ತೆಂಗಿನಲ್ಲಿ ಹೊಂಬಾಳೆ ಕಟ್ಟಿ ರಸ ಇಳಿಸಿದರೆ, ಈಚಲಿನಲ್ಲಿ ಸುಳಿಯ ಕೆಳಗೆ ಕಾಂಡವನ್ನೇ ಹೆರೆದು ಮಡಕೆ ಕಟ್ಟುತ್ತಾರೆ. ಹೆರೆಯುವುದು ಒಂದು ಕೂದಲೆಳೆ ಆಳ ತಪ್ಪಿದರೆ ಮರ ಸಾಯುತ್ತದೆ. ಒಂದು ವರ್ಷ ಈ ಮಗ್ಗುಲು, ಮರುವರ್ಷ ಎದುರು ಮಗ್ಗುಲು. ಹಾಗೆ ಕಾಂಡ ಅಂಕುಡೊಂಕಾಗಿ ಬೆಳೆದು, ಅದರ ಕಚ್ಚುಗಳನ್ನು ಎಣಿಸಿದರೆ ಮರ ಎಷ್ಟು ವರ್ಷ ರಸ ಕೊಟ್ಟಿದೆ ಎಂದು ಹೇಳಬಹುದು. ಯಾವ ಮರಕ್ಕೆ ಎಷ್ಟು ದಿನ ಬಿಡುವು ಕೊಡಬೇಕು, ಯಾವ ಹಳ್ಳದ ಮರದ ರಸ ಸಿಹಿ, ಮಡಕೆಯನ್ನು ಹೇಗೆ ಹೊಗೆಗೆ ಹಿಡಿಯಬೇಕು ಎಂಬ ಅರಿವೆಲ್ಲ ಈಡಿಗರ ಕೈಯಲ್ಲಿ, ಎಲ್ಲಮ್ಮನಿಗೆ ನಡೆದುಕೊಳ್ಳುವ ಆ ಮನೆಗಳಲ್ಲಿ, ತಂದೆಯಿಂದ ಮಗನಿಗೆ ಬಂತು. ಇದನ್ನು ಕಸುಬು ಎಂದು ಕರೆಯದೆ ಬೇರೆ ಏನನ್ನು ಕರೆಯಬೇಕು?

ಬೆಳಗಿನ ಜಾವ ಇಳಿಸಿದ ರಸ ಸಿಹಿ. ಮಡಕೆಗೆ ಒಳಗೆ ಸುಣ್ಣ ಬಳಿದಿದ್ದರೆ ಇನ್ನಷ್ಟು ಹೊತ್ತು ಸಿಹಿಯಾಗಿಯೇ ಇರುತ್ತದೆ. ಬಿಸಿಲೇರಿದಂತೆ ಗಾಳಿಯ ಯೀಸ್ಟ್ ಅದರೊಳಗೆ ಕೆಲಸ ಶುರುಮಾಡಿ ಸಕ್ಕರೆಯನ್ನು ಮದ್ಯಸಾರವಾಗಿ, ಇಂಗಾಲದ ಡೈಆಕ್ಸೈಡಾಗಿ ಒಡೆಯುತ್ತದೆ. ಮಡಕೆಯ ಬಾಯಲ್ಲಿ ಉಕ್ಕುವ ಬಿಳಿ ನೊರೆ ಅದೇ ಅನಿಲದ್ದು, ಷಾಂಪೇನ್ ಸೀಸೆಯ ಬಿರಡೆಯನ್ನು ಹಾರಿಸುವುದೂ ಅದೇ. ಮಧ್ಯಾಹ್ನಕ್ಕೆ ಹೆಂಡ ಹುಳಿ, ಮಾರನೆಯ ದಿನಕ್ಕೆ ವಿನೆಗರಿನ ದಾರಿ. ಇಲ್ಲಿಯೇ ಮೊದಲ ಆಕ್ಷೇಪ ಏಳುತ್ತದೆ: ಒಂದೇ ದಿನ ಬದುಕುವ ಪಾನೀಯಕ್ಕೆ ನೆಲಮಾಳಿಗೆ ಎಲ್ಲಿಂದ ಬರಬೇಕು, ಇದು ಪ್ರಕೃತಿಯ ತೀರ್ಪಲ್ಲವೇ? ಆಕ್ಷೇಪಕ್ಕೆ ತೂಕವಿದೆ. ದ್ರಾಕ್ಷಿಯ ಹುಳಿ ವೈನನ್ನು ಕಾಯುವಂತೆ ಈಚಲ ರಸವನ್ನು ಕಾಯುವಂಥದ್ದು ಯಾವುದೂ ಇಲ್ಲ, ನಿಜ. ಆದರೆ ಷಾಂಪೇನಿನ ನೊರೆಯೂ ಮೊದಲಿಗೆ ಒಂದು ಕೇಡೇ ಆಗಿತ್ತು. ಚಳಿಗೆ ಅರ್ಧಕ್ಕೆ ನಿಂತ ಹುಳಿಯುವಿಕೆ ವಸಂತದಲ್ಲಿ ಮತ್ತೆ ಶುರುವಾಗಿ ಪೀಪಾಯಿಯಲ್ಲಿ ಉಕ್ಕುತ್ತಿತ್ತು. 1668ರಿಂದ ಓವಿಲ್ಲೆ ಮಠದ ಉಗ್ರಾಣ ನೋಡಿಕೊಂಡ ದೋಂ ಪೆರಿನ್ಯೋಂ ನೊರೆಯನ್ನು ಕಂಡುಹಿಡಿದನೆಂಬ ಕಥೆ ವ್ಯಾಪಾರಕ್ಕೆ ಹುಟ್ಟಿದ್ದು. ಆತ ದುಡಿದದ್ದು ನೊರೆ ಬಾರದ ಒಳ್ಳೆಯ ವೈನ್‌ಗಾಗಿ. ಸಕ್ಕರೆ ಸೇರಿಸಿ ವೈನಿಗೆ ನೊರೆ ಬರಿಸುವ ರೂಢಿಯನ್ನು ಕ್ರಿಸ್ಟೊಫರ್ ಮೆರೆಟ್ ಎಂಬ ಇಂಗ್ಲಿಷಿನವನು 1662ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಹೇಳಿದ್ದ. ಕಲ್ಲಿದ್ದಲ ಕುಲುಮೆಯ ಗಟ್ಟಿ ಗಾಜೂ ಇಂಗ್ಲೆಂಡಿನದೇ. ಆಮೇಲೂ ನೂರೈವತ್ತು ವರ್ಷ ಮಾಳಿಗೆಗಳಲ್ಲಿ ಸೀಸೆಗಳು ಸಿಡಿದು ಕೆಲಸಗಾರರು ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು ಓಡಾಡಿದರು. ಸೀಸೆಯನ್ನು ತಲೆಕೆಳಗಾಗಿ ತಿರುಗಿಸುತ್ತ ಗಸಿಯನ್ನು ಬಾಯಿಗೆ ಇಳಿಸುವ ವಿಧಾನ ವಿಧವೆ ಕ್ಲಿಕೋ ಅವರ ಮಾಳಿಗೆಯಲ್ಲಿ 1810ರ ದಶಕದಲ್ಲಿ ರೂಪುಗೊಂಡಿತು. ಎಷ್ಟು ಸಕ್ಕರೆ ಹಾಕಿದರೆ ಸೀಸೆ ಒಡೆಯದು ಎಂಬ ಲೆಕ್ಕವನ್ನು ಫ್ರಾನ್ಸ್ವಾ ಎಂಬ ಔಷಧ ವ್ಯಾಪಾರಿ 1836ರಲ್ಲಿ ಹೇಳಿಕೊಟ್ಟ. ಹಾಗೆಂದರೆ ಕೆಡುವ, ಉಕ್ಕುವ, ಸಿಡಿಯುವ ಒಂದು ಪಾನೀಯವನ್ನು ಹದಕ್ಕೆ ತರಲು ಇನ್ನೂರು ವರ್ಷ ಹಣವನ್ನೂ ತಲೆಯನ್ನೂ ಸುರಿಯಲಾಯಿತು. ಹಾಗೆ ಸುರಿಯುವವನಿಗೆ ಫಲ ತನ್ನದಾಗುತ್ತದೆಂಬ ಭರವಸೆ ಬೇಕು.

ಆ ಭರವಸೆ ಕೊಟ್ಟದ್ದು ಕಾನೂನು. 1728ರವರೆಗೆ ಫ್ರಾನ್ಸಿನಲ್ಲಿ ವೈನನ್ನು ಪೀಪಾಯಿಯಲ್ಲಿ ಮಾತ್ರ ಸಾಗಿಸಬೇಕಿತ್ತು. ಆ ವರ್ಷ ಹದಿನೈದನೆಯ ಲೂಯಿ ಸೀಸೆಯಲ್ಲಿ ಸಾಗಿಸಲು ಅಪ್ಪಣೆ ಕೊಟ್ಟ, ಮರುವರ್ಷವೇ ರುಯಿನಾರ್ ಎಂಬ ಮೊದಲ ಷಾಂಪೇನ್ ಮನೆ ಹುಟ್ಟಿತು. ಇಂದು ಪ್ರವಾಸಿಗಳು ಮುಗಿಬಿದ್ದು ನೋಡುವ ಹಲವು ಮಾಳಿಗೆಗಳು ಮೂಲದಲ್ಲಿ ಸುಣ್ಣಕಲ್ಲು ತೋಡಿದ ಹಳೆಯ ಹಳ್ಳಗಳು. ವಿಧವೆ ಲೂಯಿಸ್ ಪೊಮ್ಮೆರಿ 1868ರಿಂದ ಹತ್ತು ವರ್ಷ ಹಿಡಿದು ರೀಮ್ಸಿನ ಅಂಥ ಹಳ್ಳಗಳನ್ನು 18 ಕಿಲೋಮೀಟರ್ ಸುರಂಗದಿಂದ ಒಂದಕ್ಕೊಂದು ಸೇರಿಸಿದಳು; ಇಳಿಯಲು 116 ಮೆಟ್ಟಿಲು. ಮೇಲೆ ಕಟ್ಟಿಸಿದ ಕಟ್ಟಡಕ್ಕೆ ಫ್ರೆಂಚ್ ಮಾದರಿಯನ್ನು ಬಿಟ್ಟು ಇಂಗ್ಲೆಂಡಿನ ಎಲಿಜಬೆತ್ ಕಾಲದ ಮಾದರಿಯನ್ನು ಆರಿಸಿಕೊಂಡಳು, ಏಕೆಂದರೆ ಗಿರಾಕಿ ಇಂಗ್ಲಿಷಿನವನು. ಸಿಹಿ ಕಡಿಮೆಯಿರುವ 1874ರ ವೈನನ್ನು ಮಾಡಿದ್ದೂ ಅವನ ನಾಲಗೆಗಾಗಿ. ಆದ್ದರಿಂದ ಷಾಂಪೇನ್ ಮಾಳಿಗೆಗೆ ಇಳಿಯುವ ಇಂಗ್ಲಿಷ್ ಪ್ರವಾಸಿ ಯಾವುದೋ ಪುರಾತನ ಗುಟ್ಟಿನೊಳಗೆ ಹೊಕ್ಕೆನೆಂದು ಭಾವಿಸಿದರೆ ಅದು ಮಾರಾಟಗಾರನ ಗೆಲುವು. ಅವನಿಗೆಂದೇ ಸಜ್ಜುಮಾಡಿದ ಅಂಗಡಿಯದು. ಬಾಗಿಲು ತೆರೆಯುವ ಅಧಿಕಾರ ಮಾತ್ರ ಮಾಡುವವನ ಕೈಯಲ್ಲಿತ್ತು, ಬಾಗಿಲ ಮೇಲಿದ್ದದ್ದೂ ಅವನ ಹೆಸರೇ.

ಕಡೂರು ಸೀಮೆಯ ಈಚಲು ವನಕ್ಕೆ ಬಂದ ಅತಿಥಿ ಬೇರೆ. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಹೊರಟು ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಒಳ್ಳೆಯ ಕಣ್ಣಿನ ಪ್ರವಾಸಿ, ಮರ, ಮಣ್ಣು, ಜಾತಿ, ಅಳತೆ ಎಲ್ಲವನ್ನೂ ಬರೆದುಕೊಂಡವನು. ಅವನನ್ನು ಕಳುಹಿಸಿದ್ದು ಈ ನಾಡಿನಲ್ಲಿ ಏನೇನು ಹುಟ್ಟುತ್ತದೆ, ಅದರಿಂದ ಏನು ಬರುತ್ತದೆ ಎಂದು ತಿಳಿಯಲಿಕ್ಕೆ. ಆಮೇಲೆ ಬಂದವನು ಅಮಲ್ದಾರ, ಅವನ ಹಿಂದೆ ಅಬಕಾರಿ ಇನ್‌ಸ್ಪೆಕ್ಟರ್. ಮರ ಯಾರ ಹೊಲದಲ್ಲೇ ಇರಲಿ, ರಸ ಇಳಿಸುವ ಹಕ್ಕು ಸರ್ಕಾರದ್ದು ಎಂಬುದು ಅಬಕಾರಿಯ ಮೂಲಸೂತ್ರ. ಆ ಹಕ್ಕನ್ನು ಹರಾಜಿನಲ್ಲಿ ಗುತ್ತಿಗೆದಾರ ಹಿಡಿಯುತ್ತಿದ್ದ, ಗುತ್ತಿಗೆದಾರನಡಿಯಲ್ಲಿ ಈಡಿಗ ಕೂಲಿಗೆ ಮರ ಹೆರೆಯುತ್ತಿದ್ದ, ಹೆಂಡ ಪಡಖಾನೆಗೆ ಹೋಗುತ್ತಿತ್ತು. ಹರಾಜಿನ ಮೊತ್ತ ಎತ್ತಬೇಕಾದ ಗುತ್ತಿಗೆದಾರನಿಗೆ ಅವಧಿಯೊಳಗೆ ಎಷ್ಟು ಮಡಕೆ ಇಳಿಯಿತು ಎಂಬುದಷ್ಟೇ ಮುಖ್ಯ. ಮರಕ್ಕೆ ಬಿಡುವು ಕೊಟ್ಟರೆ ನಷ್ಟ ಅವನಿಗೆ, ಲಾಭ ಮುಂದಿನ ಹರಾಜು ಹಿಡಿಯುವವನಿಗೆ. ನೀರು ಬೆರೆಸಿದರೆ ಕೇಳುವವರಿಲ್ಲ, ಏಕೆಂದರೆ ಮಡಕೆಯ ಮೇಲೆ ಯಾರ ಹೆಸರೂ ಇಲ್ಲ. ಇಂಥ ಏರ್ಪಾಟಿನಲ್ಲಿ ರುಚಿ ಸುಧಾರಿಸಲು, ಕೆಡದಂತೆ ಇಡುವ ಉಪಾಯ ಹುಡುಕಲು ಯಾವ ಈಡಿಗನಾದರೂ ಏಕೆ ತಲೆ ಕೆಡಿಸಿಕೊಳ್ಳಬೇಕಿತ್ತು? ಬೆಂಗಳೂರು–ಹರಿಹರ ರೈಲು 1889ರಲ್ಲಿ ಕಡೂರು, ಅಜ್ಜಂಪುರಗಳನ್ನು ಹಾದುಹೋಯಿತು. ಬೀರೂರು–ಶಿವಮೊಗ್ಗ ಕವಲು 1899ರಲ್ಲಿ ತರೀಕೆರೆಯನ್ನು ಮುಟ್ಟಿತು. ಅಡಿಕೆ, ಕೊಬ್ಬರಿ, ಈರುಳ್ಳಿ, ಗಿರಿಯ ಕಾಫಿ ಹೊರನಾಡಿಗೆ ಹೆಸರಿನೊಂದಿಗೆ ಹೋದವು. ಹೆಂಡ ಇದ್ದಲ್ಲೇ ಇತ್ತು.

ಸರ್ಕಾರದ ಕೈಗೆ ಹೋದದ್ದೆಲ್ಲ ಹೀಗೇ ಆಗುತ್ತದೆ, ಇದರಲ್ಲಿ ವಿಶೇಷವೇನು ಎನ್ನುವವರಿಗೆ ಅಜ್ಜಂಪುರದಲ್ಲೇ ಉತ್ತರವಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯನ್ನು ಟಿಪ್ಪು ಅಮೃತ ಮಹಲ್ ಎಂದು ಕರೆದ. ಆ ದನಗಳ ತಳಿಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ಅಮೃತ ಮಹಲ್ ಪೂರ್ತಿ ಸರ್ಕಾರದ ಸೊತ್ತು. ಆದರೂ ಅದಕ್ಕೆ ತಳಿಯಿದೆ, ದಾಖಲೆಯಿದೆ, ಕಾವಲುಗಳಿಗೆ ಒಂದೊಂದಕ್ಕೂ ಹೆಸರಿದೆ. ಖರ್ಚು ಉಳಿಸಲು 1860ರಲ್ಲಿ ಹಿಂಡುಗಳನ್ನು ಮಾರಿದ ಬ್ರಿಟಿಷ್ ಆಡಳಿತವೇ ತಪ್ಪು ತಿಳಿದು 1866ರಲ್ಲಿ ಮತ್ತೆ ಕಟ್ಟಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು ಈಗ ಸಂರಕ್ಷಿತ ಮೀಸಲು ಪ್ರದೇಶ. ಫಿರಂಗಿ ಎಳೆಯುವ ಎತ್ತು ಕೆಟ್ಟರೆ ಯುದ್ಧ ಸೋಲುತ್ತದೆ, ಹಾಗಾಗಿ ಎತ್ತಿನ ಗುಣ ಸರ್ಕಾರಕ್ಕೆ ಬೇಕಿತ್ತು. ಹೆಂಡ ಕೆಟ್ಟರೆ ಖಜಾನೆಗೆ ಏನೂ ಆಗುವುದಿಲ್ಲ. ಅದೇ ನೆಲ, ಅದೇ ದೊರೆತನ. ಒಂದರ ಗುಣವನ್ನು ಕಾಯಲಾಯಿತು, ಇನ್ನೊಂದರ ಮೊತ್ತವನ್ನು ಮಾತ್ರ ಎಣಿಸಲಾಯಿತು.

ಎರಡು ಸಿಟ್ಟುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 1911ರಲ್ಲಿ ಷಾಂಪೇನ್ ಸೀಮೆಯ ದ್ರಾಕ್ಷಿ ಬೆಳೆಗಾರರು ದಂಗೆಯೆದ್ದು ಆಯ್ ಎಂಬ ಊರಿನಲ್ಲಿ ವ್ಯಾಪಾರಿಗಳ ಮನೆಗಳಿಗೆ ಬೆಂಕಿ ಹಚ್ಚಿದರು, ಪೀಪಾಯಿ ಒಡೆದು ವೈನನ್ನು ಬೀದಿಗೆ ಹರಿಸಿದರು. ಹೊರಗಿನ ಅಗ್ಗದ ದ್ರಾಕ್ಷಿ ತಂದು ನಮ್ಮ ಊರಿನ ಹೆಸರಲ್ಲಿ ಮಾರುತ್ತೀರಿ ಎಂಬುದು ಅವರ ದೂರು. ದಂಗೆಯ ಫಲವಾಗಿ, ತಡವಾಗಿಯಾದರೂ, 1927ರಲ್ಲಿ ಸೀಮೆಯ ಗಡಿ ನಿಂತಿತು, 1936ರಲ್ಲಿ ಹೆಸರಿಗೆ ಕಾನೂನಿನ ರಕ್ಷೆ ಸಿಕ್ಕಿತು. ನಮ್ಮ ನೆರೆಯ ಚಿತ್ರದುರ್ಗದ ತುರುವನೂರಿನಲ್ಲಿ 1939ರಲ್ಲಿ ಕಾಂಗ್ರೆಸ್ ಸತ್ಯಾಗ್ರಹಿಗಳು ಈಚಲು ಮರಗಳನ್ನು ಕಡಿದರು, ಎಸ್. ನಿಜಲಿಂಗಪ್ಪನವರು ಆ ಸತ್ಯಾಗ್ರಹದ ಮುಂದಾಳು, ಜೈಲಿಗೂ ಹೋದರು. ಅಲ್ಲಿ ಸಿಟ್ಟು ಸುಳ್ಳು ಹೆಸರಿನ ಮೇಲೆ ಬಿತ್ತು, ಇಲ್ಲಿ ಮರದ ಮೇಲೆಯೇ ಬಿತ್ತು. ಸತ್ಯಾಗ್ರಹಿಗಳದು ಅವಿವೇಕವೆಂದು ಇಂದು ಹೇಳುವುದು ಸುಲಭ, ಆದರೆ ಅವರ ಲೆಕ್ಕ ಸರಿಯಾಗಿಯೇ ಇತ್ತು: ಈಚಲು ಮರ ಅಂದಿಗೆ ಸರ್ಕಾರದ ಖಜಾನೆಯಾಗಿತ್ತು, ಖಜಾನೆಗೆ ಕೊಡಲಿ ಹಾಕಿದರು. ಆ ಕೊಡಲಿಯ ಕೆಳಗೆ ಈಡಿಗನ ಕಸುಬೂ ಬಿತ್ತೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಏಕೆಂದರೆ ಮರ ಅವನದಾಗಿರಲಿಲ್ಲ. ಸ್ವಾತಂತ್ರ್ಯದ ನಂತರ ಪಾನನಿರೋಧ ಬಂತು. 1967ರಲ್ಲಿ, ಅದೇ ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ವರಮಾನದ ಒತ್ತಡದಲ್ಲಿ ಅದು ಸಡಿಲವಾಗಿ ಅಬಕಾರಿ ಮರಳಿತು. ವ್ಯಂಗ್ಯವೆಂದು ನಗಬಹುದು. ನನಗೆ ಕಾಣುವುದು ಬೇರೆ: ಕಡಿಯುವಾಗಲೂ ಬಿಡುವಾಗಲೂ ಮಾತಾಡಿದ್ದು ಖಜಾನೆಯೇ.

ಇನ್ನು ಭಾರವಾದ ಆಕ್ಷೇಪ. ಕುಡಿತದಿಂದ ಮನೆ ಹಾಳಾದ ಹೆಂಗಸರ ಮುಂದೆ ಹೆಂಡಕ್ಕೂ ಚರಿತ್ರೆ ಬೇಕೆಂದು ವಾದಿಸುವುದು ಸರಿಯೇ? ಈ ಕಡೆಯ ಹಳ್ಳಿಗಳಲ್ಲಿ ಶನಿವಾರದ ಕೂಲಿ ಪಡಖಾನೆಗೆ ಸಂದದ್ದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇಲ್ಲಿ ಎರಡು ಬೇರೆ ವಸ್ತುಗಳು ಬೆರೆತಿವೆ. ಹೆಂಡ ತಾನಾಗಿ ಹುಳಿತ, ಬಿಯರಿನಷ್ಟು ಮಾತ್ರ ಅಮಲಿನ ರಸ. ಸಾರಾಯಿ ಭಟ್ಟಿ ಇಳಿಸಿದ್ದು, ಬೆಲ್ಲ, ಬಿಳಿಜಾಲಿಯ ತೊಗಟೆ ಹಾಕಿ ಕಾಯಿಸಿದ ಕಾಲದಿಂದ ಕಾರ್ಖಾನೆಯ ಪ್ಯಾಕೆಟ್ಟಿನವರೆಗೆ ಅದರ ದಾರಿಯೇ ಬೇರೆ. ಅಬಕಾರಿಯ ಪಟ್ಟಿಯಲ್ಲಿ ಎರಡೂ ಒಂದೇ ಖಾತೆಯ ಬಾಬತ್ತುಗಳಾದವು, ಕಟ್ಟಡವೂ ಗುತ್ತಿಗೆದಾರರ ಕೂಟವೂ ಹಲವು ಕಡೆ ಒಂದೇ. ನಿಷೇಧವೂ ಅದೇ ದಾರಿಯಲ್ಲಿ ಬಂತು: 2004ರಲ್ಲಿ ಕರಾವಳಿಯ ಎರಡು ಜಿಲ್ಲೆ ಬಿಟ್ಟು ಉಳಿದೆಡೆ ಹೆಂಡ ನಿಂತಿತು, 2007ರ ಜುಲೈ 1ರಂದು ಸಾರಾಯಿ. ಹೆಂಡ ನಿಂತ ಹಳ್ಳಿಗಳಲ್ಲಿ ಕುಡಿತ ನಿಲ್ಲಲಿಲ್ಲ, ವಿಸ್ಕಿ ಎಂಬ ಚೀಟಿ ಹೊತ್ತ ಬಣ್ಣದ ಮದ್ಯ ಬಂತು. ಸಾರಾಯಿ ನಿಂತ ಅದೇ 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು, ವೈನ್ ಮಂಡಳಿ ಹುಟ್ಟಿತು. ದ್ರಾಕ್ಷಿ ಬೆಳೆಯುವವನಿಗೆ ತೆರಿಗೆಯ ರಿಯಾಯಿತಿ, ತೋಟ ನೋಡಲು ಬರುವವರಿಗೆ ಸ್ವಾಗತ. ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್ ದ್ರಾಕ್ಷಿತೋಟ 1988ರಲ್ಲಿ ಶುರುವಾದಾಗ ಬೆನ್ನಿಗಿದ್ದವರು ಷಾಂಪೇನ್ ಸೀಮೆಯ ಬೂಝಿ ಊರಿನ ಜಾರ್ಜ್ ವೆಸೆಲ್ ಎಂಬ ವೈನ್ ತಜ್ಞರು. ನಾನು ಆ ತೋಟಗಳ ವಿರೋಧಿಯಲ್ಲ. ದೊಡ್ಡಬಳ್ಳಾಪುರದ ರೈತನಿಗೆ ಒಳ್ಳೆಯದಾಗಿದ್ದರೆ ಸಂತೋಷ. ಹುಳಿತ ಹಣ್ಣಿನ ರಸ ಸಂಸ್ಕೃತಿ, ಹುಳಿತ ಮರದ ರಸ ಅಪರಾಧ ಎಂಬ ವಿಂಗಡಣೆ ಆರೋಗ್ಯಶಾಸ್ತ್ರದಿಂದ ಬಂದದ್ದಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಬೇರೆ ದಾರಿ ಇರಲೇ ಇಲ್ಲ ಎನ್ನಲಾಗದು. ಬಂಗಾಳದಲ್ಲಿ ಇದೇ ಜಾತಿಯ ಮರದ ರಸವನ್ನು ಚಳಿಗಾಲದಲ್ಲಿ ಕಾಯಿಸಿ ನೊಲೆನ್ ಬೆಲ್ಲ ಮಾಡುತ್ತಾರೆ. ಅದರಿಂದಾದ, ಅಲ್ಲಿಯ ಜಯನಗರದ ಮೋವಾ ಎಂಬ ಸಿಹಿಗೆ ಭೌಗೋಳಿಕ ಸೂಚಕವೂ ಸಿಕ್ಕಿದೆ. ಶ್ರೀಲಂಕಾದಲ್ಲಿ ತೆಂಗಿನ ಹೆಂಡವನ್ನು ಭಟ್ಟಿ ಇಳಿಸಿ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಾರೆ, ಅದಕ್ಕೆ ಹೆಸರೂ ಇದೆ, ದಾಸ್ತಾನು ಮಾಳಿಗೆಯೂ ಇದೆ. ನಮ್ಮಲ್ಲಿ ಹಕ್ಕಿನ ಮಾತೆತ್ತಿದವರು ಕುಡುಕರಲ್ಲ, ತೆಂಗು ಬೆಳೆಗಾರರು. ನುಸಿ ಪೀಡೆ ತೆಂಗನ್ನು ಹಿಂಡಿದಾಗ ನಮ್ಮ ಮರದ ನೀರಾ ಇಳಿಸಲು ನಮಗೆ ಬಿಡಿ ಎಂದು ಅವರು ಬೀದಿಗಿಳಿದರು. 2001ರಲ್ಲಿ ಚನ್ನಪಟ್ಟಣದ ವಿಠಲೇನಹಳ್ಳಿಯ ಗೋಲಿಬಾರಿನಲ್ಲಿ ರೈತರ ಜೀವ ಹೋಯಿತು. ಹುಳಿಯದ ಸಿಹಿ ರಸಕ್ಕೂ ಅಬಕಾರಿಯ ಅಪ್ಪಣೆ ಬೇಕಿತ್ತು ಎಂಬುದನ್ನು ಮರೆಯಬಾರದು. ಮುಂದೆ ನಿಯಮ ಬದಲಾಗಿ ನೀರಾಕ್ಕೆ ಪರವಾನಗಿಯ ದಾರಿ ತೆರೆಯಿತು, ಕಡೂರು ತರೀಕೆರೆಯ ತೆಂಗಿನವರಿಗೂ ಅದು ಅನ್ವಯ. ಈಚಲಿಗೆ ಮಾತ್ರ ಅಂಥ ಬೆಳೆಗಾರರ ಸಂಘವಿಲ್ಲ, ಯಾರೂ ಬೆಳೆಸದ ಮರಕ್ಕೆ ಸಂಘ ಎಲ್ಲಿಯದು?

ಕನ್ನಡ ಸಾಹಿತ್ಯವೇನೂ ಹೆಂಡಕ್ಕೆ ಬಾಗಿಲು ಹಾಕಿಲ್ಲ. ಹನ್ನೆರಡನೆಯ ಶತಮಾನದ ಶರಣರ ನಡುವೆ ಹೆಂಡದ ಮಾರಯ್ಯ ಕಸುಬಿನ ಹೆಸರನ್ನು ಹೊತ್ತೇ ಕುಳಿತ. ಕಸುಬು ಅವನಿಗೆ ಅಡ್ಡಬರಲಿಲ್ಲ. 1930ರ ದಶಕದಲ್ಲಿ ಜಿ. ಪಿ. ರಾಜರತ್ನಂ ಯೆಂಡ್ಕುಡ್ಕ ರತ್ನನಿಗೆ ಬಾಯಿ ಕೊಟ್ಟರು. ಆದರೆ ರತ್ನ ಕುಡಿಯುವವನು. ಅವನ ಬುಂಡೆಗೆ ರಸ ಇಳಿಸಿದವನ ಮಾತು ಎಲ್ಲಿಯೂ ಬಂದಂತೆ ಕಾಣೆ. ಅತ್ತ ಷಾಂಪೇನಿನ ಬೆಟ್ಟ, ಮನೆ, ಮಾಳಿಗೆಗಳು 2015ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಷಾಂಪೇನ್ ಎಂಬ ಹೆಸರು ಭಾರತದ ಭೌಗೋಳಿಕ ಸೂಚಕ ಕಾನೂನಿನಲ್ಲೂ ನೋಂದಣಿಯಾಗಿದೆ, ಕಡೂರಿನ ಅಂಗಡಿಯಲ್ಲೂ ಅದನ್ನು ಬೇರೆಯವರು ಬಳಸುವಂತಿಲ್ಲ. ನಮ್ಮ ಕಡೆ ಕೊಳವೆಬಾವಿಗಳ ದೆಸೆಯಿಂದ ಹಳ್ಳಗಳು ಒಣಗುತ್ತಿವೆ, ಒತ್ತುವರಿಯಲ್ಲಿ ಈಚಲು ಬುಡಸಮೇತ ಹೋಗುತ್ತಿದೆ, ಮರ ಹೆರೆದ ಕೈಗಳಿಗೆ ಈಗ ವಯಸ್ಸಾಗಿದೆ. ಕಡೂರು, ತರೀಕೆರೆ, ಅಜ್ಜಂಪುರದ ಯಾವುದೇ ಮನೆಯಲ್ಲಿ ಹಳೆಯ ಗುತ್ತಿಗೆ ಪತ್ರ, ಮರಗಳ ಲೆಕ್ಕ, ಹರಾಜಿನ ರಸೀದಿ ಉಳಿದಿದ್ದರೆ ಒಲೆಗೆ ಹಾಕಬೇಡಿ. ಮರ ಹೆರೆದ ಹಿರಿಯರು ಊರಲ್ಲಿದ್ದರೆ ಯಾವ ಹಳ್ಳದಲ್ಲಿ ಎಷ್ಟು ಮರ ಇದ್ದವು, ಯಾರು ಹೆರೆಯುತ್ತಿದ್ದರು, ಕೂಲಿ ಎಷ್ಟಿತ್ತು ಎಂದು ಕೇಳಿ, ಈ ವರ್ಷವೇ ಬರೆದಿಡಿ.